ಚೈನ್‌ಸಾ ಹಿಡಿಯುವ ಮುನ್ನ: ಹೊಸಬರಿಗೆ ದೇಹರಕ್ಷಣೆಯ ಪಾಠ

ಕಟ್ಟಿಗೆ ಕಡಿಯುವುದೂ ಶರಣ ಪರಂಪರೆಯಲ್ಲಿ ಕಾಯಕವೇ ಆಗಿದೆ. ಮೋಳಿಗೆಯ ಮಾರಯ್ಯನವರು ಕಟ್ಟಿಗೆಯ ಹೊರೆ ಮಾರಿ ಬಂದುದರಲ್ಲಿ ಜಂಗಮ ದಾಸೋಹ ನಡೆಸಿದರೆಂಬುದನ್ನು ಭಕ್ತರೆಲ್ಲರೂ ಬಲ್ಲರು. ಆ ಕಾಲದ ಆಯುಧ ಕೊಡಲಿ. ಅದನ್ನು ಹಿಡಿಯುವ ಬಗೆಯನ್ನು ಮಕ್ಕಳು ಮನೆಯ ಹಿರಿಯರ ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ನೋಡಿ ಕಲಿಯುತ್ತಿದ್ದರು. ಇಂದು ತೋಟದ ಮನೆಗಳಲ್ಲಿ ಕೊಡಲಿಯ ಜಾಗಕ್ಕೆ ಚೈನ್‌ಸಾ ಬಂದಿದೆ. ಗಾಳಿಮಳೆಗೆ ಬಿದ್ದ ಮರ, ಒಣಗಿದ ತೆಂಗು, ಬಚ್ಚಲೊಲೆಯ ಸೌದೆ ಎಲ್ಲಕ್ಕೂ ಅದೇ ಬೇಕು. ಅಂಗಡಿಯಿಂದ ಯಂತ್ರವೇನೋ ಮನೆಗೆ ಬರುತ್ತದೆ. ಕಲಿಸುವ ಹಿರಿಯರು ಅದರ ಜೊತೆ ಬರುವುದಿಲ್ಲ. ಆದುದರಿಂದ ಈ ತಿಂಗಳ ಆರೋಗ್ಯ ವಿಭಾಗವನ್ನು ಈ ವಿಷಯಕ್ಕೆ ಮೀಸಲಿಡಲಾಗಿದೆ.

ಇದು ಎಂತಹ ಆಯುಧ?

ಪೂರ್ಣ ವೇಗದಲ್ಲಿ ಚೈನ್‌ಸಾದ ಸರಪಳಿಯು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಅಂದರೆ ಗಂಟೆಗೆ 72 ಕಿಲೋಮೀಟರ್. ಕೊಡಲಿಯು ಒಮ್ಮೆ ಬಿದ್ದ ಕಡೆ ನಿಲ್ಲುತ್ತದೆ. ಇದು ಕೈ ತಪ್ಪಿದ ಮೇಲೂ ಕೊಯ್ಯುತ್ತಿರುತ್ತದೆ. ಇದರ ಗಾಯವು ಚೂರಿಯ ಗಾಯದಂತೆ ಸೀಳಿದ ಗೆರೆಯಲ್ಲ. ಅರ್ಧ ಸೆಂಟಿಮೀಟರಿಗೂ ಹೆಚ್ಚು ಅಗಲದ ಮಾಂಸವನ್ನು ಹಲ್ಲುಗಳು ಕಿತ್ತೆಸೆಯುತ್ತವೆ. ಸುಶ್ರುತಾಚಾರ್ಯರು ಸದ್ಯೋವ್ರಣಗಳನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಕತ್ತರಿಸಿದ 'ಛಿನ್ನ' ಮತ್ತು ಉಜ್ಜಿ ಹರಿದ 'ಘೃಷ್ಟ' ಎರಡರ ಲಕ್ಷಣವೂ ಈ ಗಾಯದಲ್ಲಿ ಕೂಡಿರುತ್ತದೆ. ಅದರೊಳಗೆ ಮರದ ಹುಡಿ, ಎಣ್ಣೆ, ಬಟ್ಟೆಯ ಎಳೆ ಸೇರಿರುತ್ತವೆ. ಆದುದರಿಂದ ಮಾಯುವುದೂ ನಿಧಾನ.

ಗಾಯಗಳು ಹೆಚ್ಚಾಗಿ ಆಗುವುದು ಕಾಲಿಗೆ, ಅದರಲ್ಲಿಯೂ ಎಡತೊಡೆ ಮತ್ತು ಮೊಣಕಾಲಿಗೆ, ಅನಂತರ ಎಡಗೈಗೆ. ತೊಡೆಯ ನಡುವೆ 'ಊರ್ವೀ' ಎಂಬ ಮರ್ಮವಿದೆಯೆಂದೂ ಅಲ್ಲಿ ಗಾಯವಾಗಿ ರಕ್ತ ಹೋದರೆ ಕಾಲು ಒಣಗುವುದೆಂದೂ ಸುಶ್ರುತ ಸಂಹಿತೆ ಹೇಳುತ್ತದೆ. ಕಾಲಿನ ದೊಡ್ಡ ರಕ್ತನಾಳ ಸಾಗುವುದು ತೊಡೆಯಲ್ಲಿಯೇ. ಅದು ತುಂಡಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಎರವಾಗುತ್ತದೆ.

ಹಿಮ್ಮುಖ ಜಿಗಿತ

ಸರಪಳಿ ಓಡುವ ಉದ್ದನೆಯ ಪಟ್ಟಿಗೆ ಬಾರ್ ಎನ್ನುತ್ತಾರೆ. ಬಾರ್‌ನ ತುದಿಯ ಮೇಲಿನ ಅರ್ಧಭಾಗ ಯಾವುದಾದರೂ ಕೊಂಬೆಗೆ ತಗುಲಿದರೆ ಹಲ್ಲುಗಳು ಅಲ್ಲಿ ಕಚ್ಚಿಕೊಂಡು, ಇಡೀ ಯಂತ್ರವು ಮೇಲಕ್ಕೂ ಹಿಂದಕ್ಕೂ ಜಿಗಿಯುತ್ತದೆ. ಅದರ ದಾರಿ ನೇರವಾಗಿ ಮುಖ, ಕುತ್ತಿಗೆ, ಭುಜಗಳ ಕಡೆಗೆ. ಮನುಷ್ಯನು ಎಚ್ಚೆತ್ತು ಕೈ ಬಿಗಿ ಮಾಡುವುದರೊಳಗೆ ಅದು ಮುಗಿದಿರುತ್ತದೆ. ಆದುದರಿಂದ ಮೈಬಲವನ್ನು ನಂಬದೆ ಅಭ್ಯಾಸವನ್ನು ನಂಬಬೇಕು.

ಎಡಗೈಯ ಹೆಬ್ಬೆರಳು ಮುಂದಿನ ಹಿಡಿಯನ್ನು ಕೆಳಗಿನಿಂದ ಸುತ್ತಿರಬೇಕು. ಎರಡೂ ಕೈ ಸದಾ ಯಂತ್ರದ ಮೇಲಿರಬೇಕು. ಬಾರ್‌ನ ನೇರಕ್ಕೆ ತಲೆಯನ್ನು ತರದೆ, ಸ್ವಲ್ಪ ಎಡಕ್ಕೆ ಸರಿದು ನಿಲ್ಲಬೇಕು. ಭುಜಕ್ಕಿಂತ ಮೇಲಿನದನ್ನು ಕೊಯ್ಯಬಾರದು. ಏಣಿಯ ಮೇಲೆ ನಿಂತು ಕೊಯ್ಯಲೇಬಾರದು. ಮುಂದಿನ ಹಿಡಿಯ ಎದುರಿಗೆ ಇರುವ ಅಡ್ಡಪಟ್ಟಿಯೇ ಚೈನ್ ಬ್ರೇಕ್. ಯಂತ್ರ ಜಿಗಿದಾಗ ಕೈಗೆ ತಗುಲಿ ಸರಪಳಿಯನ್ನು ನಿಲ್ಲಿಸುವುದು ಅದೇ. ಪ್ರತಿದಿನ ಕೆಲಸಕ್ಕೆ ಮೊದಲು ಅದನ್ನು ಪರೀಕ್ಷಿಸತಕ್ಕದ್ದು.

ಉಡುಪು

ಪಂಚೆ ಅಥವಾ ಲುಂಗಿಯುಟ್ಟು, ಹವಾಯಿ ಚಪ್ಪಲಿ ಮೆಟ್ಟಿ ಚೈನ್‌ಸಾ ಹಿಡಿಯುವುದು ನಮ್ಮ ಕಡೆ ಸಾಮಾನ್ಯ ದೃಶ್ಯ. ಇದು ಕೂಡದು. ಚೈನ್‌ಸಾಕ್ಕೆಂದೇ ತಯಾರಾದ ಕಾಲುಕವಚಗಳು ದೊರೆಯುತ್ತವೆ. ಅವುಗಳೊಳಗಿನ ಉದ್ದನೆಯ ನಾರುಗಳು ಸರಪಳಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ದಪ್ಪ ಬಟ್ಟೆಯ ಪ್ಯಾಂಟು ಆ ಕೆಲಸ ಮಾಡದು. ಗಟ್ಟಿ ಬೂಟು, ಕೈಗವಸು, ಕಣ್ಣಿಗೆ ಕನ್ನಡಕ ಅಥವಾ ಜಾಲರಿ, ಕಿವಿಗೆ ಮುಚ್ಚಳ, ತಲೆಗೆ ಹೆಲ್ಮೆಟ್ ಇರಲಿ. ಯಂತ್ರ ಕೊಳ್ಳುವ ದಿನವೇ ಇವನ್ನೂ ಕೊಳ್ಳಬೇಕು.

ಭಕ್ತರಿಗೆ ವಿಶೇಷವಾಗಿ ಒಂದು ಮಾತು. ಹೆಗಲ ಮೇಲಿನ ಟವೆಲ್, ಶಾಲು ತೆಗೆದಿಡಿ. ಕೊರಳಿನ ಶಿವದಾರ ಉದ್ದವಾಗಿದ್ದು ಬಾಗಿದಾಗ ಕರಡಿಗೆ ಹೊರಕ್ಕೆ ತೂಗಾಡುವಂತಿದ್ದರೆ, ದಾರವನ್ನು ಗಿಡ್ಡ ಮಾಡಿ ಇಷ್ಟಲಿಂಗವನ್ನು ಬನಿಯನ್ನಿನ ಒಳಗೆ ಬಿಗಿಯಾಗಿ ಸೇರಿಸಿಕೊಳ್ಳಿ. ತೂಗಾಡುವ ಯಾವ ದಾರವನ್ನೂ ಸರಪಳಿ ಕ್ಷಣದಲ್ಲಿ ಎಳೆದುಕೊಳ್ಳುತ್ತದೆ.

ಕಲಿಕೆಯ ಕ್ರಮ

ಮೊದಲು ಕಲಿಯಬೇಕಾದುದು ನಿಲ್ಲಿಸುವುದನ್ನು. ಸ್ವಿಚ್ ಎಲ್ಲಿದೆ, ಬ್ರೇಕ್ ಎಲ್ಲಿದೆ ಎಂಬುದು ನೋಡದೆಯೇ ಕೈಗೆ ತಿಳಿಯುವಷ್ಟು ಅಭ್ಯಾಸವಾಗಲಿ. ಪೆಟ್ರೋಲ್ ಯಂತ್ರವನ್ನು ಚಾಲೂ ಮಾಡುವಾಗ ನೆಲದ ಮೇಲಿಟ್ಟು, ಚೈನ್ ಬ್ರೇಕ್ ಹಾಕಿ, ಬಲಗಾಲಿನ ತುದಿಯಿಂದ ಹಿಂದಿನ ಹಿಡಿಯನ್ನು ಒತ್ತಿ, ಎಡಗೈಯಿಂದ ಮುಂದಿನ ಹಿಡಿ ಹಿಡಿದು, ಬಲಗೈಯಿಂದ ಹಗ್ಗ ಎಳೆಯಬೇಕು. ಗಾಳಿಯಲ್ಲಿ ತೂಗಾಡಿಸುತ್ತ ಎಳೆಯುವುದು ಅಪಾಯ. ಎಂಜಿನ್ ನಿಧಾನಗತಿಯಲ್ಲಿರುವಾಗ, ಬ್ರೇಕ್ ಬಿಟ್ಟಿದ್ದರೂ, ಸರಪಳಿ ತಿರುಗಬಾರದು. ತಿರುಗಿದರೆ ಮೆಕ್ಯಾನಿಕ್‌ನಲ್ಲಿ ತೋರಿಸಿದ ಮೇಲೆಯೇ ಕೆಲಸ. ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ. ಅದರ ಹೊಗೆಯಲ್ಲಿ ವಿಷಾನಿಲವಿರುತ್ತದೆ.

ಮೊದಲ ತಿಂಗಳುಗಳಲ್ಲಿ ನೆಲಕ್ಕೆ ಬಿದ್ದ, ತೊಡೆಗಿಂತ ದಪ್ಪವಲ್ಲದ ಕಟ್ಟಿಗೆಯನ್ನು ಮಾತ್ರ ಕೊಯ್ಯಿರಿ. ದಿಮ್ಮಿಯು ಎಲ್ಲಿ ಒತ್ತಿಕೊಂಡಿದೆ, ಎಲ್ಲಿ ಬಿಗಿದಿದೆ ಎಂದು ನೋಡುವುದೇ ಮುಖ್ಯ ಪಾಠ. ಎರಡೂ ತುದಿಗೆ ಆಧಾರವಿದ್ದು ನಡುಭಾಗ ಜೋಲುತ್ತಿದ್ದರೆ, ಮೇಲಿನಿಂದ ಮೂರನೆಯ ಒಂದು ಪಾಲು ಕೊಯ್ದು ಉಳಿದುದನ್ನು ಕೆಳಗಿನಿಂದ ಕೊಯ್ಯಬೇಕು. ಒಂದು ತುದಿ ಗಾಳಿಯಲ್ಲಿದ್ದರೆ ಇದಕ್ಕೆ ವಿರುದ್ಧವಾಗಿ, ಮೊದಲು ಕೆಳಗಿನಿಂದ, ಆಮೇಲೆ ಮೇಲಿನಿಂದ. ಕೆಳಗಿನಿಂದ ಕೊಯ್ಯುವಾಗ ಯಂತ್ರ ನಮ್ಮ ಕಡೆಗೆ ತಳ್ಳುತ್ತದೆ ಎಂಬುದು ನೆನಪಿರಲಿ. ಬಾಗಿ ಸಿಕ್ಕಿಕೊಂಡಿರುವ ಕೊಂಬೆಯು ಬಿಟ್ಟ ಬಿಲ್ಲಿನಂತೆ ಬಡಿಯಬಲ್ಲದು. ಅದನ್ನು ಅನುಭವಿಗಳಿಗೆ ಬಿಡಿ.

ನಿಂತ ಮರ ಉರುಳಿಸುವುದು ಹೊಸಬರ ಕೆಲಸವಲ್ಲ. ವಿದ್ಯುತ್ ತಂತಿಯ ಬಳಿಯ ಮರವಾದರೆ ಲೈನ್‌ಮನ್‌ಗೆ ತಿಳಿಸತಕ್ಕದ್ದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಹಲವು ಜಾತಿಯ ಮರಗಳಿಗೂ ಅನುಮತಿ ಬೇಕಾಗುವುದರಿಂದ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ಯಾವ ಕೆಲಸವಾದರೂ ಒಬ್ಬರೇ ಹೋಗಬೇಡಿ. ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಬ್ಬರಿರಲಿ.

ಯಂತ್ರದ ಆರೈಕೆ

ಮೊಂಡಾದ ಸರಪಳಿಯೇ ಹೆಚ್ಚು ಅಪಾಯಕಾರಿ. ಹರಿತವಿದ್ದರೆ ಮರದಿಂದ ದಪ್ಪ ಚಕ್ಕೆಗಳು ಉದುರುತ್ತವೆ, ಯಂತ್ರ ತಾನಾಗಿ ಒಳಗಿಳಿಯುತ್ತದೆ. ಮೊಂಡಾದರೆ ಹಿಟ್ಟಿನಂತಹ ಹುಡಿ ಬರುತ್ತದೆ, ನಾವು ಒತ್ತತೊಡಗುತ್ತೇವೆ. ಒತ್ತಿದ ಕೈ ಜಾರುತ್ತದೆ. ಹುಡಿ ಕಂಡೊಡನೆ ಎಂಜಿನ್ ನಿಲ್ಲಿಸಿ, ಕೈಗವಸು ಹಾಕಿಕೊಂಡು, ಆ ಸರಪಳಿಗೆ ಹೇಳಿದ ಅಳತೆಯ ದುಂಡು ಅರದಿಂದ ಪ್ರತಿ ಹಲ್ಲನ್ನೂ ಒಂದೇ ಕೋನದಲ್ಲಿ, ಒಂದೇ ಎಣಿಕೆಯಲ್ಲಿ, ಒಳಗಿನಿಂದ ಹೊರಕ್ಕೆ ಉಜ್ಜಿರಿ. ಅರದ ಅಳತೆ, ಕೋನಗಳನ್ನು ಸರಪಳಿಯ ಪೆಟ್ಟಿಗೆಯ ಮೇಲೆ ಅಥವಾ ಕೈಪಿಡಿಯಲ್ಲಿ ಮುದ್ರಿಸಿರುತ್ತಾರೆ.

ಸರಪಳಿಯು ತಣ್ಣಗಿರುವಾಗ ಬಾರ್‌ನ ಕೆಳಗೆ ಜೋಲದೆ ಅಂಟಿಕೊಂಡಿರಬೇಕು. ಕೈಯಿಂದ ಎಳೆದರೆ ಸಲೀಸಾಗಿ ಸರಿಯಬೇಕು. ಹೊಸ ಸರಪಳಿ ಬೇಗ ಸಡಿಲವಾಗುವುದರಿಂದ ಆಗಾಗ ನೋಡಬೇಕು. ಬಿಸಿಯಾದಾಗ ಬಿಗಿ ಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲಿಸಿಡಬೇಕು, ಏಕೆಂದರೆ ತಣಿದಾಗ ಅದು ಕುಗ್ಗುತ್ತದೆ. ಪೆಟ್ರೋಲಿಗೆ ಬೆರೆಸುವ ಎಣ್ಣೆ ಬೇರೆ, ಸರಪಳಿಗೆ ಹಾಕುವ ಎಣ್ಣೆ ಬೇರೆ. ಕೈಪಿಡಿಯಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್ ಎಣ್ಣೆ ಬೆರೆಸಬೇಕು. ವಾಹನಗಳಿಂದ ತೆಗೆದ ಹಳೆಯ ಸುಟ್ಟ ಎಣ್ಣೆಯನ್ನು ಸರಪಳಿಗೆ ಹಾಕುವ ರೂಢಿ ಬಿಡಬೇಕು. ಅದು ಮೈಮೇಲೆಲ್ಲ ಸಿಡಿಯುತ್ತದೆ; ಅದರಲ್ಲಿ ಕ್ಯಾನ್ಸರ್‌ಕಾರಕ ವಸ್ತುಗಳಿವೆ. ಎಂಜಿನ್ ತಣಿದ ಮೇಲೆ ಪೆಟ್ರೋಲ್ ತುಂಬಿ, ತುಂಬಿದ ಜಾಗದಿಂದ ಹತ್ತು ಅಡಿ ದೂರ ಹೋಗಿ ಚಾಲೂ ಮಾಡಿ.

ಕಾಣದ ಹಾನಿ

ಪೆಟ್ರೋಲ್ ಯಂತ್ರದ ಸದ್ದು 100 ಡೆಸಿಬಲ್ ದಾಟುತ್ತದೆ. ಇದರಿಂದ ಹೋದ ಶ್ರವಣಶಕ್ತಿ ಯಾವ ಔಷಧಿಯಿಂದಲೂ ಮರಳದು. ಕಂಪನದಿಂದ ಬೆರಳುಗಳ ಸೂಕ್ಷ್ಮ ರಕ್ತನಾಳ ಮತ್ತು ನರಗಳು ಕೆಡುತ್ತವೆ. ಚಳಿಯ ಬೆಳಗಿನಲ್ಲಿ ಬೆರಳು ಬೆಳ್ಳಗಾಗುವುದು, ಜೋಮು ಹಿಡಿಯುವುದು ಇದರ ಸೂಚನೆ. ಹೀಗಾದಾಗ ಎಣ್ಣೆ ತಿಕ್ಕಿ ಮತ್ತೆ ಯಂತ್ರ ಹಿಡಿಯುವುದಲ್ಲ. ಯಂತ್ರ ಬಿಟ್ಟು ವೈದ್ಯರನ್ನು ಕಾಣಬೇಕು.

ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂದು ಆಯುರ್ವೇದ ವಿಧಿಸುತ್ತದೆ. ಹಣೆ, ಕಂಕುಳು ಬೆವರಿ, ಬಾಯಿಂದ ಉಸಿರಾಡುವಂತಾದರೆ ಅರ್ಧಶಕ್ತಿ ಮುಗಿಯಿತೆಂದು ಅರ್ಥ. ಚೈನ್‌ಸಾ ಕೆಲಸಕ್ಕೂ ಇದೇ ಅಳತೆ. ದಣಿದ ಕೈ ತಪ್ಪು ಮಾಡುತ್ತದೆ. ನಿದ್ದೆಗೆಟ್ಟಾಗ, ಮಂಪರು ತರುವ ಮಾತ್ರೆ ನುಂಗಿದಾಗ, ಮದ್ಯ ಸೇವಿಸಿದಾಗ ಯಂತ್ರ ಮುಟ್ಟಬಾರದು.

ಗಾಯವಾದರೆ

ಎಂಜಿನ್ ನಿಲ್ಲಿಸಿ. ಸ್ವಚ್ಛ ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ಹತ್ತು ನಿಮಿಷ ತೆಗೆದು ನೋಡಬೇಡಿ. ಬಟ್ಟೆ ತೋಯ್ದರೆ ಮೇಲೊಂದು ಬಟ್ಟೆ ಇಡಿ. ಜೊತೆಗಿದ್ದವರು 108ಕ್ಕೆ ಕರೆ ಮಾಡಲಿ. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ, ಗಾಯಕ್ಕಿಂತ ಮೂರು ಬೆರಳು ಮೇಲೆ, ಕೀಲನ್ನು ಬಿಟ್ಟು, ಅಗಲವಾದ ಬಟ್ಟೆ ಕಟ್ಟಿ, ಕಡ್ಡಿ ಸೇರಿಸಿ ತಿರುವಿ, ರಕ್ತ ನಿಲ್ಲುವಷ್ಟು ಬಿಗಿ ಮಾಡಿ. ಕಟ್ಟಿದ ಸಮಯ ಬರೆದಿಡಿ. ಆಸ್ಪತ್ರೆ ತಲುಪುವವರೆಗೆ ಬಿಚ್ಚಬೇಡಿ. ಬೆರಳು ತುಂಡಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಿರಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು.

ಆಯುರ್ವೇದ ವೈದ್ಯನಾಗಿಯೇ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಇಂತಹ ಗಾಯಕ್ಕೆ ಅರಿಶಿನ, ಕಾಫಿಪುಡಿ, ಸುಣ್ಣ, ಸೊಪ್ಪಿನ ರಸ ಯಾವುದನ್ನೂ ತುಂಬಬೇಡಿ. ರಕ್ತ ನಿಲ್ಲಿಸಲು ಸುಶ್ರುತರು ಹೇಳಿದ ಸಂಧಾನ, ಸ್ಕಂದನ, ಪಾಚನ, ದಹನವೆಂಬ ನಾಲ್ಕು ಉಪಾಯಗಳೂ ವೈದ್ಯನ ಕೈಯ ಕೆಲಸಗಳೇ ಹೊರತು ತೋಟದಲ್ಲಿ ಮಾಡುವಂಥವಲ್ಲ. ತುಂಬಿದ ಪುಡಿಯನ್ನು ಶಸ್ತ್ರವೈದ್ಯರು ತೊಳೆದು ತೆಗೆಯಬೇಕಾಗುತ್ತದೆ; ಅಷ್ಟು ಹೊತ್ತು ವ್ಯರ್ಥ. ಮೊದಲು ಆಸ್ಪತ್ರೆ, ಹೊಲಿಗೆ, ಧನುರ್ವಾಯುವಿನ ಚುಚ್ಚುಮದ್ದು. ಗಾಯ ಮಾದ ಮೇಲೆ ಬಲ ಬರಲು ನಮ್ಮ ಎಣ್ಣೆ, ಔಷಧಿಗಳಿಗೆ ಸಮಯವಿದೆ.

ಕಾಯಕ ನಡೆಯಬೇಕಾದರೆ ಕಾಯ ಉಳಿಯಬೇಕು. ಮನೆಗೆ ಯಂತ್ರ ತಂದವರು ಮೊದಲ ದಿನ ಕೈಪಿಡಿ ಓದಿ, ಎರಡನೆಯ ದಿನ ನಿಲ್ಲಿಸುವುದನ್ನು ಕಲಿತು, ಆಮೇಲೆ ಬಲ್ಲವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೊದಲ ಕಟ್ಟಿಗೆ ಕೊಯ್ಯಲಿ. ಸೌದೆ ನಾಳೆಗೂ ಕಾಯುತ್ತದೆ.