ಗಣಕಜಾಲದಲ್ಲಿ ವಿಳಾಸಗಳ ಗುತ್ತಿಗೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ತಂದ ರೈತರಿಗೆ ಆ ದಿನದ ಮಟ್ಟಿಗೆ ಒಂದು ಲಾಟ್ ಸಂಖ್ಯೆ ದೊರೆಯುತ್ತದೆ. ಹರಾಜು, ತೂಕ, ಹಣದ ಲೆಕ್ಕಗಳೆಲ್ಲವೂ ಆ ಸಂಖ್ಯೆಯ ಮೇಲೆಯೇ ನಡೆಯುತ್ತವೆ. ಮರುದಿನ ಅದೇ ಸಂಖ್ಯೆ ಬೇರೊಬ್ಬರಿಗೆ ಸಲ್ಲುತ್ತದೆ. ಗಣಕಜಾಲದಲ್ಲಿ ಐ.ಪಿ. ವಿಳಾಸಗಳನ್ನು ತಾನಾಗಿಯೇ ಹಂಚುವ ಡಿ.ಎಚ್.ಸಿ.ಪಿ. ಎಂಬ ವಿಧಾನದ ತಿರುಳೂ ಇದೇ ಆಗಿದೆ. ವಿಳಾಸವು ಯಂತ್ರದ ಸ್ವಂತ ಸೊತ್ತಾಗದೆ ನಿಯತಕಾಲದ ಗುತ್ತಿಗೆಯಾಗಿ ಅದಕ್ಕೆ ಲಭಿಸುತ್ತದೆ.

1985ರಲ್ಲಿ ರೂಪುಗೊಂಡ ಬೂಟ್‌ಪಿ ಎಂಬ ಹಿಂದಿನ ವಿಧಾನದಲ್ಲಿ ಪ್ರತಿಯೊಂದು ಯಂತ್ರದ ವಿಳಾಸವನ್ನೂ ಮೊದಲೇ ಪಟ್ಟಿಯಲ್ಲಿ ಬರೆದಿಡಬೇಕಾಗಿತ್ತು. ಆ ಕ್ಲೇಶವನ್ನು ನೀಗಿಸಿದ ಡಿ.ಎಚ್.ಸಿ.ಪಿ. 1993ರಲ್ಲಿ ಹೊರಬಂದು, ರಾಲ್ಫ್ ಡ್ರೋಮ್ಸ್ ಅವರು ಬರೆದ 1997ರ ಆರ್.ಎಫ್.ಸಿ. 2131 ಎಂಬ ಲೇಖ್ಯದಲ್ಲಿ ಸ್ಥಿರರೂಪವನ್ನು ಪಡೆಯಿತು. ಹೊಸದಾಗಿ ಜಾಲವನ್ನು ಸೇರಿದ ಯಂತ್ರವು ಎಲ್ಲರನ್ನೂ ಉದ್ದೇಶಿಸಿ ಕೂಗುತ್ತದೆ, ಸರ್ವರ್ ಒಂದು ವಿಳಾಸವನ್ನು ಮುಂದಿಡುತ್ತದೆ, ಯಂತ್ರವು ಅದನ್ನು ಕೋರುತ್ತದೆ, ಸರ್ವರ್ ಒಪ್ಪಿಗೆಯನ್ನೀಯುತ್ತದೆ. ಗುತ್ತಿಗೆಯ ಅರ್ಧಕಾಲ ಕಳೆದೊಡನೆ ಯಂತ್ರವು ನವೀಕರಣವನ್ನು ಬೇಡುತ್ತದೆ.

ಇನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಗಳಂಥ ಊರಿನ ಒಂದು ಕಾಲೇಜನ್ನು ಊಹಿಸೋಣ. 192.168.1 ಎಂದು ಮೊದಲಾಗುವ ಸಾಮಾನ್ಯ ಜಾಲದಲ್ಲಿ ಯಂತ್ರಗಳಿಗೆ ಸಲ್ಲುವ ವಿಳಾಸಗಳು 254. ರೂಟರ್, ಸರ್ವರ್, ಪ್ರಿಂಟರುಗಳಿಗಾಗಿ 20ನ್ನು ಮೀಸಲಿಟ್ಟರೆ ಉಳಿಯುವುದು 234. ಪ್ರಯೋಗಶಾಲೆಯ 40 ಗಣಕಗಳಿಗೆ ಇದು ಧಾರಾಳ. ಆದರೆ ವಿದ್ಯಾರ್ಥಿಗಳ ಮೊಬೈಲುಗಳೂ ಅದೇ ಜಾಲವನ್ನು ಹೊಕ್ಕರೆ ಲೆಕ್ಕವೇ ಬೇರೆ. ವಿಂಡೋಸ್ ಸರ್ವರಿನಲ್ಲಿ ನಾವು ಬದಲಿಸದಿದ್ದಲ್ಲಿ ಗುತ್ತಿಗೆಯ ಅವಧಿ 8 ದಿನ. ಸೋಮವಾರ ಹತ್ತು ನಿಮಿಷ ಬಂದು ಹೋದ ಅತಿಥಿಯ ವಿಳಾಸವೂ ಮುಂದಿನ ಮಂಗಳವಾರದವರೆಗೆ ಬಿಡುಗಡೆಯಾಗದು. ಗುರುವಾರ ಆನ್‌ಲೈನ್ ಪರೀಕ್ಷೆಗೆ ಕುಳಿತ ವಿದ್ಯಾರ್ಥಿನಿಯ ಗಣಕಕ್ಕೆ ವಿಳಾಸವೇ ದೊರೆಯದೆ, ಅದು 169.254 ಎಂದು ತೊಡಗುವ, ಹೊರಗೆ ದಾರಿಯಿಲ್ಲದ ವಿಳಾಸವೊಂದನ್ನು ತಾನೇ ಇಟ್ಟುಕೊಳ್ಳುತ್ತದೆ. ಕೇಬಲ್ ಕೆಟ್ಟಿತೆಂದು ಭ್ರಮಿಸಿ ಅರ್ಧ ದಿನ ಹುಡುಕುವ ಪ್ರಸಂಗ ಒದಗುವುದು ಇಂಥಲ್ಲಿಯೇ. ಪರದೆಯ ಮೇಲಿನ ಆ ಎರಡು ಅಂಕಿಗಳನ್ನು ಮೊದಲು ನೋಡುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಬೇಕು.

ಪರಿಹಾರವು ಕಠಿಣವಲ್ಲ. ಮೊಬೈಲುಗಳಿಗೆ ಪ್ರತ್ಯೇಕ ಜಾಲವನ್ನು ಏರ್ಪಡಿಸಿ ಗುತ್ತಿಗೆಯನ್ನು ಒಂದೆರಡು ಗಂಟೆಗೆ ಇಳಿಸಬಹುದು. ಪ್ರಯೋಗಶಾಲೆಯ ಗಣಕಗಳಿಗೆ ಅವುಗಳ ಮ್ಯಾಕ್ ಸಂಖ್ಯೆಯನ್ನನುಸರಿಸಿ ವಿಳಾಸಗಳನ್ನು ಕಾಯ್ದಿರಿಸಬಹುದು.

ಮತ್ತೊಂದು ಅಪಾಯವುಂಟು. ಯಾರಾದರೂ ಮನೆಯ ವೈ-ಫೈ ರೂಟರನ್ನು ತಂದು, ಅದರ ಲ್ಯಾನ್ ಕಿಂಡಿಯನ್ನು ಕಾಲೇಜಿನ ಜಾಲಕ್ಕೆ ಜೋಡಿಸಿದರೆ, ಅದೂ ತನ್ನ ವಿಳಾಸಗಳನ್ನು ಹಂಚತೊಡಗುತ್ತದೆ. ಕೂಗಿಗೆ ಮೊದಲು ಓಗೊಟ್ಟವರನ್ನೇ ಹೊಸ ಯಂತ್ರವು ಸಾಮಾನ್ಯವಾಗಿ ನಂಬುವುದು. ಉತ್ತರಿಸಿದವರು ಯಾರೆಂದು ಪರೀಕ್ಷಿಸುವ ಏರ್ಪಾಡು ಈ ವಿಧಾನದ ಮೂಲರೂಪದಲ್ಲಿಲ್ಲ. ಆದುದರಿಂದ ಸ್ವಿಚ್ಚಿನಲ್ಲಿ ಡಿ.ಎಚ್.ಸಿ.ಪಿ. ಸ್ನೂಪಿಂಗ್ ಎಂಬ ಸೌಕರ್ಯವಿದ್ದಲ್ಲಿ ಅದನ್ನು ಜಾರಿಗೊಳಿಸಿ, ಸರ್ವರ್ ಇರುವ ಕಿಂಡಿಯೊಂದನ್ನುಳಿದು ಬೇರೆಲ್ಲಿಂದಲೂ ಇಂಥ ಉತ್ತರಗಳು ಬಾರದಂತೆ ತಡೆಯತಕ್ಕದ್ದು.