ಗುಂಡಿ ಮುಚ್ಚುವ ಮೊದಲೇ

ಸರ್ಕಾರಿ ಕಾಮಗಾರಿಯ ತಕರಾರುಗಳಲ್ಲಿ ಎಷ್ಟೋ ನೆಲದೊಳಗೆ ಹುಟ್ಟುತ್ತವೆ. ನಾಲೆ ತೋಡುವ ಕೆಲಸವನ್ನೇ ನೋಡಿ. ಅಂದಾಜುಪಟ್ಟಿಯಲ್ಲಿ ಮಣ್ಣು ಎಂದಿರುತ್ತದೆ. ಎರಡು ಮೀಟರ್ ಇಳಿಯುವಷ್ಟರಲ್ಲಿ ಬಂಡೆ ಸಿಗುತ್ತದೆ. ಅದು ಪಿಕಾಸಿಗೆ ಬಗ್ಗುವ ಮೆದುಬಂಡೆಯೋ, ಮದ್ದಿಟ್ಟು ಸಿಡಿಸಬೇಕಾದ ಗಟ್ಟಿಬಂಡೆಯೋ ಎಂಬುದರ ಮೇಲೆ ಘನ ಮೀಟರಿನ ದರ ನಿಂತಿದೆ. ಗುತ್ತಿಗೆದಾರರು ಗಟ್ಟಿಬಂಡೆ ಎನ್ನುತ್ತಾರೆ. ಎಂ.ಬಿ. ಎಂದೇ ಕರೆಯುವ ಅಳತೆ ಪುಸ್ತಕದಲ್ಲಿ ಜೂನಿಯರ್ ಎಂಜಿನಿಯರ್ ಮೆದುಬಂಡೆ ಎಂದು ಬರೆಯುತ್ತಾರೆ. 'ಆಕ್ಷೇಪಣೆಗೆ ಒಳಪಟ್ಟು' ಎಂದು ಸೇರಿಸಿ ಗುತ್ತಿಗೆದಾರರು ಸಹಿ ಹಾಕುತ್ತಾರೆ. ಮುಂದಿನ ವಾರ ಅದರ ಮೇಲೆ ಕಾಂಕ್ರೀಟ್ ಬೀಳುತ್ತದೆ. ಅಲ್ಲಿಗೆ ಬಂಡೆಯನ್ನು ಕಣ್ಣಾರೆ ನೋಡುವ ಅವಕಾಶ ಮುಗಿಯಿತು. ಹತ್ತು ವರ್ಷದ ನಂತರ ನ್ಯಾಯಾಧೀಶರ ಮುಂದೆ ಬರುವುದು ಆ ಒಂದು ಪುಟ, ಎರಡು ಸಹಿ, ಕಟ್ಟುಗಟ್ಟಲೆ ಪತ್ರ. ಆದ್ದರಿಂದ ಇಂಥ ವಿವಾದವನ್ನು ಗುಂಡಿ ತೆರೆದಿರುವಾಗಲೇ, ಎರಡೂ ಕಡೆಗೆ ಸೇರದ ಒಬ್ಬರು ತೀರ್ಮಾನಿಸಬೇಕು ಎಂಬುದು ಈ ಅಧ್ಯಾಯದ ವಾದ.

ಎರಡೂ ಕಡೆಗೆ ಸೇರದವರೇ ಏಕೆ ಬೇಕು? ಇದಕ್ಕೆ ಕರ್ನಾಟಕದಿಂದ ಹೋದ ಎರಡು ಮೊಕದ್ದಮೆಗಳಲ್ಲಿ ಉತ್ತರವಿದೆ. ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್ಸ್ ಸರ್ಕಾರದೊಡನೆ ಮಾಡಿಕೊಂಡಿದ್ದ ಕರಾರಿನಲ್ಲಿ, ಷರತ್ತು ಮುರಿದರೆ ನಷ್ಟ ಎಷ್ಟೆಂದು ಸರ್ಕಾರವೇ ಲೆಕ್ಕ ಹಾಕಬಹುದು ಎಂದಿತ್ತು. ಮುರಿದದ್ದನ್ನು ಎದುರಿನವರು ಒಪ್ಪಿಕೊಂಡಾಗ ಮಾತ್ರ ಈ ಅಧಿಕಾರ ನಡೆಯುತ್ತದೆ, ಮುರಿದದ್ದು ಹೌದೋ ಅಲ್ಲವೋ ಎಂಬುದೇ ತಕರಾರಾದಾಗ ಕರಾರಿನ ಒಂದು ಪಕ್ಷವೇ ತೀರ್ಪು ಹೇಳಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿತು. 2013ರಲ್ಲಿ ಪಿ. ದಶರಥರಾಮ ರೆಡ್ಡಿ ಕಾಂಪ್ಲೆಕ್ಸ್ ಪ್ರಕರಣ ಬಂತು. ನಮ್ಮ ರಾಜ್ಯದ ಕಾಮಗಾರಿ ಕರಾರುಗಳ 29ನೇ ಷರತ್ತು ವಿವಾದವನ್ನು ಇಲಾಖೆಯ ಹಿರಿಯ ಎಂಜಿನಿಯರ್ ಮುಂದಿಡುತ್ತಿತ್ತು. ಇದು ಮಧ್ಯಸ್ಥಿಕೆಯ ಒಪ್ಪಂದವೇ ಅಲ್ಲ ಎಂದು ಕೋರ್ಟ್ ತೀರ್ಮಾನಿಸಿತು. ಎರಡನ್ನೂ ಕೂಡಿಸಿ ಓದಿದರೆ ಗುತ್ತಿಗೆದಾರರ ಪರಿಸ್ಥಿತಿ ತಿಳಿಯುತ್ತದೆ: ಇಲಾಖೆಯ ಎಂಜಿನಿಯರ್ ನ್ಯಾಯಾಧೀಶರಾಗಲಾರರು, ಹೊರಗಿನವರು ಕರಾರಿನಲ್ಲಿಲ್ಲ, ಉಳಿದದ್ದು ಸಿವಿಲ್ ಕೋರ್ಟಿನ ಮೆಟ್ಟಿಲು. ಎಂಜಿನಿಯರ್‌ಗೆ ಬಂಡೆಯ ಗುಣ ಎಲ್ಲರಿಗಿಂತ ಚೆನ್ನಾಗಿ ಗೊತ್ತು ಎಂಬ ಸಮರ್ಥನೆಯಲ್ಲಿ ಹುರುಳಿದೆ. ಆದರೆ ಆ ತಿಳಿವಳಿಕೆಯನ್ನು ಅವರು ಸಾಕ್ಷಿಯಾಗಿ ಕೊಡಬಹುದು. 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠ ಇದೇ ದಾರಿಯಲ್ಲಿ ಮುಂದೆ ಹೋಗಿ, ಸರ್ಕಾರಿ ಪಕ್ಷ ತಾನೊಂದೇ ಮಧ್ಯಸ್ಥರನ್ನು ನೇಮಿಸುವ ಷರತ್ತು 14ನೇ ವಿಧಿಗೆ ವಿರುದ್ಧ ಎಂದಿತು.

ಇಲ್ಲಿ ಖಜಾನೆಯ ಕಡೆಯವರ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಜನರ ತೆರಿಗೆ ಹಣ ಹೊರಗಿನ ಯಾರದೋ ಸಹಿಯಿಂದ ಕೈಬಿಟ್ಟು ಹೋಗಬಾರದೆಂಬ ಕಾಳಜಿ ಸರಿಯಾದದ್ದೇ. ಕೇಂದ್ರ ಹಣಕಾಸು ಸಚಿವಾಲಯ 2024ರ ಜೂನ್ 3ರಂದು ಹೊರಡಿಸಿದ ಸೂಚನೆ, ಮಧ್ಯಸ್ಥಿಕೆಯ ಷರತ್ತನ್ನು ರೂಢಿಯಂತೆ ಸೇರಿಸಬೇಡಿ, ಸಾಮಾನ್ಯವಾಗಿ 10 ಕೋಟಿ ರೂಪಾಯಿಗಿಂತ ಕಡಿಮೆ ಮೊತ್ತದ ವಿವಾದಕ್ಕಷ್ಟೇ ಇಡಿ ಎಂದಿತು. ಮಧ್ಯಸ್ಥಿಕೆಯೂ ಎಳೆಯುತ್ತದೆ, ದುಬಾರಿ, ತೀರ್ಪು ಬಂದ ಮೇಲೂ ಕೋರ್ಟ್ ತಪ್ಪದು ಎಂಬುದು ಅದರ ಕಾರಣ. ನಿಜ. ಆದರೆ ಕೋರ್ಟ್ ಏಕೆ ತಪ್ಪುತ್ತಿಲ್ಲ? ತೀರ್ಪು ಒಪ್ಪಿ ಹಣ ಬಿಡುಗಡೆ ಮಾಡಿದ ಅಧಿಕಾರಿಗೆ ಆಡಿಟ್ ಆಕ್ಷೇಪಣೆಯ, ವಿಚಾರಣೆಯ ಭಯ. ಮೇಲ್ಮನವಿ ಹಾಕಿದವರನ್ನು ಏಕೆಂದು ಕೇಳುವವರಿಲ್ಲ. ಬಡ್ಡಿ ಬೆಳೆದು ಕಟ್ಟುವ ಹೊತ್ತಿಗೆ ಆ ಕುರ್ಚಿಯಲ್ಲಿ ಬೇರೆಯವರಿರುತ್ತಾರೆ. 2023ರ 'ವಿವಾದ್ ಸೇ ವಿಶ್ವಾಸ್' ಎರಡನೇ ಯೋಜನೆಯಲ್ಲಿ ಕೇಂದ್ರ ಸರ್ಕಾರವೇ ಮಧ್ಯಸ್ಥಿಕೆಯ ತೀರ್ಪಿನ ಮೊತ್ತದಲ್ಲಿ ಹೆಚ್ಚೆಂದರೆ ಶೇ. 65ರಷ್ಟು ಕೊಟ್ಟು ಪ್ರಕರಣ ಮುಗಿಸಲು ಮುಂದಾಯಿತು. ಗೆದ್ದ ಹಣದಲ್ಲಿ ಮೂರನೇ ಒಂದು ಭಾಗ ಬಿಟ್ಟುಕೊಡಲು ಗೆದ್ದವರನ್ನು ಕೇಳಬೇಕಾಗಿ ಬಂದದ್ದು, ಕಾಯುವುದಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ತೋರಿಸುತ್ತದೆ.

ಕೊನೆಯವರೆಗೂ ಹೋರಾಡಿ ಸರ್ಕಾರಿ ಸಂಸ್ಥೆ ಗೆದ್ದ ಉದಾಹರಣೆ ಇಲ್ಲವೇ ಎಂದರೆ, ಇದೆ. ದೆಹಲಿಯ ವಿಮಾನ ನಿಲ್ದಾಣ ಮೆಟ್ರೊ ಮಾರ್ಗದ ಗರ್ಡರುಗಳಲ್ಲಿ ಬಿರುಕು ಕಂಡಿತೆಂದು, ಅದನ್ನು ನಡೆಸುತ್ತಿದ್ದ ಕಂಪನಿ 2012ರಲ್ಲಿ ಕರಾರು ರದ್ದುಪಡಿಸುವ ನೋಟಿಸ್ ಕೊಟ್ಟಿತು. 2017ರಲ್ಲಿ ಸುಮಾರು 2,782 ಕೋಟಿ ರೂಪಾಯಿಯ ತೀರ್ಪು ಕಂಪನಿಯ ಪರ ಬಂತು. ಹೈಕೋರ್ಟಿನಲ್ಲಿ ಒಮ್ಮೆ ಉಳಿಯಿತು, ಒಮ್ಮೆ ಬಿತ್ತು. 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಎದ್ದಿತು. 2024ರ ಏಪ್ರಿಲ್‌ನಲ್ಲಿ, ಅದೇ ಕೋರ್ಟ್ ತನ್ನ ತೀರ್ಪನ್ನು ಕೊನೆಯ ಬಾರಿ ಮರುಪರಿಶೀಲಿಸುವ ಕ್ಯುರೇಟಿವ್ ಅರ್ಜಿಯಲ್ಲಿ, ರದ್ದಾಯಿತು. ದೆಹಲಿ ಮೆಟ್ರೊ ನಿಗಮ ಗೆದ್ದದ್ದು ನಿಜ. ಆದರೆ ಯಾವ ಆಧಾರದ ಮೇಲೆ ಗೆದ್ದಿತು ಎಂಬುದನ್ನು ಗಮನಿಸಬೇಕು. 2013ರ ಜನವರಿಯಲ್ಲಿ ಮೆಟ್ರೊ ರೈಲು ಸುರಕ್ಷತಾ ಆಯುಕ್ತರು ಮಾರ್ಗವನ್ನು ಮತ್ತೆ ತೆರೆಯಲು ಅನುಮತಿ ಪತ್ರ ಕೊಟ್ಟಿದ್ದರು; ಅದನ್ನು ಮಧ್ಯಸ್ಥರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂದಿತು ಕೋರ್ಟ್. ಬಿರುಕು ಕಣ್ಣೆದುರಿಗಿದ್ದಾಗ ನಿಗಮಕ್ಕೂ ಕಂಪನಿಗೂ ಸೇರದವರೊಬ್ಬರು ಬರೆದ ಕಾಗದಕ್ಕೆ ಹನ್ನೊಂದು ವರ್ಷದ ಮೇಲೆ ಬೆಲೆ ಸಿಕ್ಕಿತು. ಅದನ್ನು ಆಗಲೇ ಕಟ್ಟುನಿಟ್ಟಾಗಿ ಒಪ್ಪುವ ಏರ್ಪಾಡಿದ್ದಿದ್ದರೆ?

ಅಂಥ ಏರ್ಪಾಡು ಹೊಸದಲ್ಲ. 1975ರಲ್ಲಿ ಅಮೆರಿಕದ ಕೊಲರಾಡೊದ ಐಸೆನ್‌ಹೋವರ್ ಸುರಂಗದ ಎರಡನೇ ಕೊರೆತದ ಕೆಲಸಕ್ಕೆ ಮೂವರ ವಿವಾದ ಮಂಡಳಿ ಇತ್ತು. ಕೆಲಸ ನಡೆಯುವಾಗಲೇ ಅಲ್ಲಿನ ತಕರಾರುಗಳನ್ನು ಅದು ಕೇಳುತ್ತಿತ್ತು. ಬ್ರಿಟನ್ನಿನ 1996ರ ಕಾಯ್ದೆ ಕಾಮಗಾರಿ ವಿವಾದದ ತೀರ್ಮಾನಕ್ಕೆ 28 ದಿನದ ಗಡುವು ಇಟ್ಟಿತು: ಮೊದಲು ತೀರ್ಪಿನಂತೆ ಹಣ ಕೊಡಿ, ಒಪ್ಪಿಗೆಯಿಲ್ಲದಿದ್ದರೆ ಆಮೇಲೆ ಕೋರ್ಟಿನಲ್ಲಿ ವಾದಿಸಿ. ಸುಳ್ಳು ಬಿಲ್ ಬರೆಯುವ ಗುತ್ತಿಗೆದಾರರಿಗೆ ಇದು ಹಬ್ಬವಾಗುವುದಿಲ್ಲವೇ ಎಂದು ಕೇಳಬಹುದು. ಸುಳ್ಳು ಬಿಲ್ಲಿಗೆ ಅನುಕೂಲ ಮಾಡುವುದು ಮುಚ್ಚಿದ ಗುಂಡಿ. ತೆರೆದ ಗುಂಡಿಯ ಮುಂದೆ ನಿಂತು ಮೆದುಬಂಡೆಯನ್ನು ಗಟ್ಟಿಬಂಡೆ ಎನ್ನುವುದು ಕಷ್ಟ. ಸಣ್ಣ ಕಾಮಗಾರಿಗೆ ಮೂವರ ಮಂಡಳಿ ದುಬಾರಿ ಎಂಬುದನ್ನು ಒಪ್ಪಬೇಕು. ಅಂಥ ಕಡೆ ಕೆಲಸದ ಆದೇಶ ಕೊಡುವ ದಿನವೇ ಇಬ್ಬರೂ ಒಪ್ಪಿ ಒಬ್ಬರನ್ನು ಗೊತ್ತುಮಾಡಿಕೊಂಡರೆ ಸಾಕು. ಅವರು ಬಂದು ಫೋಟೊ ತೆಗೆಸಿ, ಮಟ್ಟದ ಅಳತೆ ನೋಡಿ, ಎಂ.ಬಿ.ಯ ಅದೇ ಪುಟದಲ್ಲಿ ಮೂರನೆಯ ಸಹಿ ಹಾಕಬೇಕು. ಅದಕ್ಕಾಗಿ ಕೆಲಸ ಮೂರು ದಿನ ನಿಂತರೆ, ಆ ದಿನಗಳ ಕೂಲಿಯನ್ನೂ ಯಂತ್ರದ ಬಾಡಿಗೆಯನ್ನೂ ಟೆಂಡರ್ ದಾಖಲೆಯಲ್ಲೇ ಒಂದು ಬಾಬ್ತಾಗಿ ಬರೆದಿಡಬಹುದು.