ಹಾಲಿನಲ್ಲಿ ಔಷಧಿಯ ಶೇಷ: ಅಯಸ್ಕಾಂತದಿಂದ ಪತ್ತೆ



ಕೆಚ್ಚಲುಬಾವಿಗೆ ಕೊಡುವ ಆಂಟಿಬಯಾಟಿಕ್ ಔಷಧಿಯು ಚಿಕಿತ್ಸೆ ಮುಗಿದ ನಂತರವೂ ಕೆಲವು ದಿನ ಹಾಲಿನಲ್ಲಿ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ಸಂಘದ ಕ್ಯಾನಿನಲ್ಲಿ ಬೆರೆತ ಇಂಥ ಹಾಲು ಬೆಂಗಳೂರಿನ ಮಾರೇನಹಳ್ಳಿಯ ಮನೆಗೂ ತಲುಪಬಹುದು. ಅಲ್ಲಿ ಹೆಪ್ಪು ಹಾಕಿದ ಹಾಲು ಮೊಸರಾಗದೆ ಉಳಿದೀತು. ಪೆನಿಸಿಲಿನ್ ಒಗ್ಗದವರಿಗೆ ತೊಂದರೆಯಾದೀತು. 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ 77ರಲ್ಲಿ ಮಿತಿ ಮೀರಿದ ಶೇಷವಿತ್ತು.

ಪೆನಿಸಿಲಿನ್‌ಗೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಿತಿ ಲೀಟರ್ ಹಾಲಿಗೆ 4 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷ ಪಾಲುಗಳಲ್ಲಿ ನಾಲ್ಕು ಪಾಲು. ಕೊಬ್ಬು, ಪ್ರೋಟೀನುಗಳ ನಡುವೆ ಇಷ್ಟು ಅಲ್ಪವನ್ನು ಹುಡುಕುವುದು ಹೇಗೆ?

ಸಂಶೋಧನಾಲಯಗಳಲ್ಲಿ ರೂಪುಗೊಂಡಿರುವ ಒಂದು ವಿಧಾನ ಹೀಗಿದೆ. ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳಿಗೆ ಔಷಧಿಯನ್ನು ಸೆಳೆದು ಹಿಡಿಯುವ ಲೇಪ ಕೊಡುತ್ತಾರೆ. ಅವನ್ನು ಹಾಲಿನ ಮಾದರಿಗೆ ಬೆರೆಸಿ ಅಲುಗಾಡಿಸಿದಾಗ ಔಷಧಿ ಲೇಪಕ್ಕೆ ಅಂಟುತ್ತದೆ. ಹೊರಗಿನಿಂದ ಅಯಸ್ಕಾಂತ ಹಿಡಿದರೆ ಕಣಗಳು ನಳಿಕೆಯ ಗೋಡೆಗೆ ಸರಿಯುತ್ತವೆ. ಉಳಿದುದನ್ನು ಚೆಲ್ಲಿ, ಕಣಗಳನ್ನು ತೊಳೆದು, ದ್ರಾವಕದಿಂದ ಔಷಧಿಯನ್ನು ಬಿಡಿಸಿ ಯಂತ್ರದಲ್ಲಿ ಅಳೆಯುತ್ತಾರೆ.

ನೆನಪಿಡಿ: ಇದು ಶೇಷವನ್ನು ಪತ್ತೆ ಮಾಡುವ ವಿಧಾನ, ಹಾಲನ್ನು ಶುದ್ಧಗೊಳಿಸುವುದಲ್ಲ. ತಡೆಯುವ ಕೆಲಸ ನಿಮ್ಮ ಕೊಟ್ಟಿಗೆಯಲ್ಲೇ ಆಗಬೇಕು.

* ಎಷ್ಟು ದಿನ ಹಾಲು ಹಾಕಬಾರದೆಂದು ಪಶುವೈದ್ಯರನ್ನು ಕೇಳಿ ಬರೆದಿಡಿ.
* ಒಂದೇ ಮೊಲೆಗೆ ಟ್ಯೂಬ್ ಏರಿಸಿದ್ದರೂ ನಾಲ್ಕೂ ಮೊಲೆಗಳ ಹಾಲನ್ನು ಬೇರೆ ಇಡಿ.
* ಚಿಕಿತ್ಸೆ ಪಡೆದ ರಾಸನ್ನು ಕೊನೆಯಲ್ಲಿ ಕರೆಯಿರಿ.
* ತಪ್ಪಿ ಬೆರೆತಿದ್ದರೆ ಸಂಘದ ಕಾರ್ಯದರ್ಶಿಗೆ ಕೂಡಲೇ ತಿಳಿಸಿ.

ಒಬ್ಬರ ಒಂದು ಹೊತ್ತಿನ ಹಾಲು ಉಳಿಸಲು ಹೋಗಿ ಇಡೀ ಊರಿನ ಹಾಲು ಕೆಡದಿರಲಿ.